ಇಂಗ್ಲಿಷ್ ಮೇಷ್ಟರ ಡಿಗ್ರಿ: ವೀಸಾ ಕೇಳುವುದು ಒಂದು, ತರಗತಿ ಕೇಳುವುದು ಇನ್ನೊಂದು

ದಕ್ಷಿಣ ಕೊರಿಯಾದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಮೂವರು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲನೆಯವನು ಅಮೆರಿಕದ ಓಹಾಯೊ ರಾಜ್ಯದ ಹುಡುಗ. ಈಗಷ್ಟೇ ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿದ್ದಾನೆ, ಯಾರಿಗೂ ಒಂದು ದಿನ ಪಾಠ ಹೇಳಿದವನಲ್ಲ. ಎರಡನೆಯವಳು ಅದೇ ಊರಿನವಳು. ಕಾಲೇಜನ್ನು ಅರ್ಧಕ್ಕೇ ಬಿಟ್ಟಳು, ಆದರೆ ಮೆಕ್ಸಿಕೊದಿಂದ ಬಂದ ಕೂಲಿಕಾರರಿಗೆ ಸಂಜೆ ಹೊತ್ತು ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದ್ದಾಳೆ. ಮೂರನೆಯವರು ಮೈಸೂರಿನ ಹೈಸ್ಕೂಲ್ ಮೇಡಂ. ಇಂಗ್ಲಿಷ್ ಎಂ.ಎ., ಮೇಲೆ ಬಿ.ಇಡಿ.; ಕನ್ನಡ ಮಾಧ್ಯಮದ ಮಕ್ಕಳನ್ನು ಎಸ್ಸೆಸ್ಸೆಲ್ಸಿ ದಾಟಿಸಿ ಪಳಗಿದವರು. ಸೋಲ್‌ನ ಯಾವುದಾದರೂ ಹಾಗ್ವಾನ್‌ನಲ್ಲಿ, ಅಂದರೆ ಅಲ್ಲಿನ ಖಾಸಗಿ ಟ್ಯೂಷನ್ ಸೆಂಟರಿನಲ್ಲಿ, ಕೆಲಸ ಮಾಡಲು ಬೇಕಾದ ಇ-2 ವೀಸಾ ಈ ಮೂವರಲ್ಲಿ ಸಿಗುವುದು ಮೊದಲನೆಯವನಿಗೆ ಮಾತ್ರ. ಎರಡನೆಯವಳಿಗೆ ಡಿಗ್ರಿ ಅಡ್ಡ ಬರುತ್ತದೆ, ಮೂರನೆಯವರಿಗೆ ಪಾಸ್‌ಪೋರ್ಟ್ ಅಡ್ಡ ಬರುತ್ತದೆ.

ಪರದೇಶದಲ್ಲಿ ಇಂಗ್ಲಿಷ್ ಕಲಿಸಲು ವಿಶ್ವವಿದ್ಯಾಲಯದ ಪದವಿ ಕಡ್ಡಾಯವಾಗಬೇಕೆ ಎಂಬ ಚರ್ಚೆ ಹೆಚ್ಚಾಗಿ ಮೊದಲ ಇಬ್ಬರ ನಡುವೆಯೇ ಸುತ್ತುತ್ತದೆ. ಡಿಗ್ರಿ ಇದ್ದವನು ಒಳ್ಳೆಯ ಮೇಷ್ಟ್ರೋ, ಅನುಭವ ಇದ್ದವಳೋ ಎಂದು ವಾದ ನಡೆಯುತ್ತದೆ. ಮೂರನೆಯವರನ್ನು ಪಕ್ಕಕ್ಕಿಟ್ಟರೆ ಈ ಪ್ರಶ್ನೆಯ ಅರ್ಧ ಮಾತ್ರ ಕಾಣುತ್ತದೆ ಎಂಬುದು ನನ್ನ ಅನಿಸಿಕೆ. ಅದಕ್ಕೆ ಬರುವ ಮೊದಲು ಹಳೆಯ ಕಥೆಯನ್ನು ಸ್ವಲ್ಪ ನೋಡಬೇಕು.

ಡಿಗ್ರಿ ಇಲ್ಲದವರು ಕಲಿಸಿದ ಕಾಲ

ಜಪಾನಿನಲ್ಲಿ ಇಂಗ್ಲಿಷನ್ನು ಮನೆಮಾತಾಗಿ ಆಡುತ್ತಿದ್ದವರಲ್ಲಿ ಮೊದಲ ಮೇಷ್ಟ್ರು ಎಂದು ಹೆಸರಾದವನು ರಾನಾಲ್ಡ್ ಮ್ಯಾಕ್‌ಡೊನಾಲ್ಡ್. ತಂದೆ ಹಡ್ಸನ್ ಬೇ ಕಂಪನಿಯ ಸ್ಕಾಟಿಷ್ ನೌಕರ, ತಾಯಿ ಉತ್ತರ ಅಮೆರಿಕದ ಚಿನೂಕ್ ಬುಡಕಟ್ಟಿನವಳು. ಜಪಾನ್ ಹೊರಗಿನವರಿಗೆ ಬಾಗಿಲು ಹಾಕಿಕೊಂಡಿದ್ದ 1848ರಲ್ಲಿ ಅವನು ತಿಮಿಂಗಿಲ ಬೇಟೆಯ ಹಡಗಿನಿಂದ ಸಣ್ಣ ದೋಣಿಯಲ್ಲಿ ಇಳಿದು, ಬೇಕೆಂದೇ ಅಲ್ಲಿಗೆ ಹೋಗಿ ಸಿಕ್ಕಿಬಿದ್ದ. ನಾಗಸಾಕಿಯಲ್ಲಿ ಸೆರೆಯಲ್ಲಿಟ್ಟರು. ಸೆರೆಯಲ್ಲೇ 14 ಜನ ದುಭಾಷಿಗಳು ಅವನಿಂದ ಇಂಗ್ಲಿಷ್ ಕಲಿತರು. ಅವರಲ್ಲೊಬ್ಬ, ಮೊರಿಯಾಮಾ ಐನೊಸುಕೆ, ಮುಂದೆ ಅಮೆರಿಕದ ಕಮೊಡೋರ್ ಪೆರಿಯ ಜೊತೆ ನಡೆದ ಮಾತುಕತೆಯಲ್ಲಿ ದುಭಾಷಿಯಾಗಿ ಕೂತ. ಒಂದು ದೇಶದ ರಾಜತಂತ್ರಕ್ಕೆ ಬೇಕಾದ ಇಂಗ್ಲಿಷನ್ನು ಹೇಳಿಕೊಟ್ಟವನು ಹಡಗಿನ ಕೂಲಿ.

ಇನ್ನೊಬ್ಬ ಲಾಫ್ಕಾಡಿಯೊ ಹರ್ನ್. ಗ್ರೀಸಿನಲ್ಲಿ ಹುಟ್ಟಿ ಡಬ್ಲಿನ್ನಿನಲ್ಲಿ ಬೆಳೆದು, ಓದನ್ನು ನಡುವೆಯೇ ನಿಲ್ಲಿಸಿ, ಅಮೆರಿಕದ ಸಿನ್ಸಿನಾಟಿಯಲ್ಲೂ ನ್ಯೂ ಆರ್ಲಿಯನ್ಸಿನಲ್ಲೂ ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದವನು. ವಿದ್ಯಾರ್ಥಿಯಾಗಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. 1890ರಲ್ಲಿ ಜಪಾನಿಗೆ ಬಂದು ಮಾತ್ಸುಎ ಎಂಬ ಸಣ್ಣ ಊರಿನ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾದ, ಆಮೇಲೆ ಕುಮಾಮೊಟೊ, 1896ರಿಂದ 1903ರವರೆಗೆ ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲೇ ಇಂಗ್ಲಿಷ್ ಸಾಹಿತ್ಯದ ಉಪನ್ಯಾಸಕ. ಅವನನ್ನು ಬಿಡಿಸಿ ಆ ಜಾಗಕ್ಕೆ ತಂದದ್ದು ಯಾರನ್ನು ಗೊತ್ತೆ? ಅದೇ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಓದಿ, ಸರಕಾರದ ಖರ್ಚಿನಲ್ಲಿ ಲಂಡನ್ನಿಗೆ ಹೋಗಿ ಬಂದಿದ್ದ ನಾತ್ಸುಮೆ ಸೊಸೆಕಿಯನ್ನು. ಜಪಾನಿನ ದೊಡ್ಡ ಕಾದಂಬರಿಕಾರನೆಂದು ಆಮೇಲೆ ಹೆಸರಾದ ಸೊಸೆಕಿಯೇ ಇವನು. ಹರ್ನ್‌ನನ್ನು ಮೆಚ್ಚಿಕೊಂಡಿದ್ದ ವಿದ್ಯಾರ್ಥಿಗಳಿಗೆ ಈ ಬದಲಾವಣೆ ಹಿಡಿಸಲಿಲ್ಲ. ಡಿಗ್ರಿ ಇಲ್ಲದ ಹೊರಗಿನವನೋ, ಓದಿಕೊಂಡ ಸ್ಥಳೀಯನೋ ಎಂಬ ನಮ್ಮ ಕಾಲದ ಜಗಳ 1903ರಲ್ಲೇ ಒಂದೇ ಕುರ್ಚಿಗಾಗಿ ನಡೆದುಹೋಗಿತ್ತು.

ಕೊರಿಯಾದ ಅರಮನೆ ಮೊದಲಿಂದಲೂ ಬೇರೆ ದಾರಿ ಹಿಡಿಯಿತು. 1886ರಲ್ಲಿ ದೊಡ್ಡ ಮನೆತನದ ಹುಡುಗರಿಗೆಂದು ಇಂಗ್ಲಿಷ್ ಶಾಲೆ ತೆರೆದಾಗ ಅಮೆರಿಕದಿಂದ ಓದಿದವರನ್ನೇ ಕರೆಸಿಕೊಂಡಿತು. ಡಾರ್ಟ್‌ಮತ್ ಕಾಲೇಜಿನಲ್ಲಿ ಪದವಿ ಪಡೆದ ಹೋಮರ್ ಹಲ್ಬರ್ಟ್ ಅವರಲ್ಲೊಬ್ಬ.

ಎರಡನೇ ಮಹಾಯುದ್ಧದ ನಂತರ ಕಥೆ ಎರಡು ಕವಲಾಯಿತು. ಒಂದು ಸ್ವಯಂಸೇವೆಯ ದಾರಿ. ಅಲೆಕ್ ಡಿಕ್ಸನ್ 1958ರಲ್ಲಿ ಬ್ರಿಟನ್ನಿನಲ್ಲಿ ಕಟ್ಟಿದ ವಿಎಸ್‌ಒ ಸಂಸ್ಥೆ ಮೊದಮೊದಲು ಹೈಸ್ಕೂಲು ಮುಗಿಸಿದ 18ರ ಹುಡುಗರನ್ನೇ ಏಷ್ಯಾ, ಆಫ್ರಿಕಾಕ್ಕೆ ಕಳಿಸುತ್ತಿತ್ತು. ಕೆಲವೇ ವರ್ಷಗಳಲ್ಲಿ ಗಾಳಿ ತಿರುಗಿತು. ಹೊಸದಾಗಿ ಸ್ವತಂತ್ರವಾದ ದೇಶಗಳಿಗೆ ಬೇಕಾಗಿದ್ದದ್ದು ಓದಿದ, ಕಸುಬು ಬಲ್ಲ ಜನ. 1962ರಿಂದ ವಿಎಸ್‌ಒ ಪದವೀಧರರ ಕಡೆ ಹೊರಳಿತು. ಇನ್ನೊಂದು ತರಬೇತಿಯ ದಾರಿ. ಜಾನ್ ಮತ್ತು ಬ್ರಿಟಾ ಹೇಕ್ರಾಫ್ಟ್ ದಂಪತಿ 1953ರಲ್ಲಿ ಸ್ಪೇನಿನ ಕೊರ್ಡೊಬಾದಲ್ಲಿ ಭಾಷಾ ಶಾಲೆ ತೆರೆದವರು, ಮುಂದೆ ಲಂಡನ್ನಿನಲ್ಲಿ ಇಂಟರ್‌ನ್ಯಾಷನಲ್ ಹೌಸ್ ಎಂಬ ಹೆಸರಿನಲ್ಲಿ ಬೆಳೆದವರು. ಮೇಷ್ಟ್ರುಗಳು ಸಿಗದೆ 1962ರಲ್ಲಿ ತಾವೇ ಎರಡು ವಾರದ ತರಬೇತಿ ಶುರುಮಾಡಿದರು. ಮೊದಲ ದಿನಗಳಲ್ಲೇ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಲ್ಲಿಸಿ ಪಾಠ ಮಾಡಿಸುವುದು ಅದರ ವಿಶೇಷ. ಅದೇ ಬೆಳೆದು, ಕೇಂಬ್ರಿಜ್ ಪರೀಕ್ಷಾ ಮಂಡಳಿಯ ಕೈಸೇರಿ, ಇಂದಿನ ಸೆಲ್ಟಾ ಆಯಿತು. ಈ ಕೋರ್ಸಿಗೆ ಸೇರಲು ಡಿಗ್ರಿ ಬೇಕಿಲ್ಲ. ಕಾಲೇಜಿಗೆ ಸೇರುವಷ್ಟು ಓದು, 18 ವರ್ಷ, ಒಳ್ಳೆಯ ಇಂಗ್ಲಿಷ್ ಇದ್ದರೆ ಸಾಕು.

ಕಾನೂನಿನೊಳಗೆ ಡಿಗ್ರಿ ಬಂದ ಬಗೆ

ಹೊರದೇಶದ ತರುಣರನ್ನು ಶಾಲೆಗಳಿಗೆ ಕರೆಸಿಕೊಳ್ಳುವ ಜಪಾನಿನ ಜೆಟ್ ಯೋಜನೆ 1987ರಲ್ಲಿ ಶುರುವಾಯಿತು. ಮೊದಲ ವರ್ಷ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಿಂದ 848 ಜನ ಬಂದರು. ಯಾವ ವಿಷಯದಲ್ಲಾದರೂ ಸರಿ, ಪದವಿ ಇರಬೇಕು ಎಂಬುದು ಷರತ್ತು. ಬಿ.ಇಡಿ.ಯನ್ನಾಗಲಿ, ಪಾಠ ಮಾಡಿದ ಅನುಭವವನ್ನಾಗಲಿ ಕಡ್ಡಾಯವಾಗಿ ಕೇಳಲಿಲ್ಲ. ಇದರ ಒಳಗುಟ್ಟನ್ನು ಮಾನವಶಾಸ್ತ್ರಜ್ಞ ಡೇವಿಡ್ ಮೆಕಾನಲ್ 2000ದಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಬಿಡಿಸಿಟ್ಟಿದ್ದಾರೆ. 1980ರ ದಶಕದಲ್ಲಿ ಜಪಾನ್ ಅಮೆರಿಕದ ನಡುವೆ ವ್ಯಾಪಾರದ ಜಗಳ ಬಿರುಸಾಗಿತ್ತು. ಆ ಕಾವು ಇಳಿಸಲು, ಜಪಾನನ್ನು ಹೊರಗಿನವರಿಗೆ ತೆರೆದು ತೋರಿಸಲು ಈ ಯೋಜನೆ ಹುಟ್ಟಿತು. ಇಂಗ್ಲಿಷ್ ಪಾಠ ಅದರ ಒಂದು ಕೈ ಅಷ್ಟೇ. ಬಂದವರು ಸಹಾಯಕ ಶಿಕ್ಷಕರು, ತರಗತಿಯ ಹೊಣೆ ಜಪಾನಿ ಮೇಷ್ಟರದೇ. ಹೀಗೆ ನೋಡಿದರೆ ಪದವಿಯ ಷರತ್ತು ಅರ್ಥವಾಗುತ್ತದೆ: ಅವರು ಹುಡುಕುತ್ತಿದ್ದದ್ದು ತಮ್ಮ ದೇಶಕ್ಕೆ ವಾಪಸಾಗಿ ನಾಳೆ ಅಧಿಕಾರಿಯೋ ಪತ್ರಕರ್ತರೋ ಆಗಬಲ್ಲ ಓದಿದ ತರುಣರನ್ನು.

ಕೊರಿಯಾ 1995ರಲ್ಲಿ ಎಪಿಕ್ ಎಂಬ ಯೋಜನೆಯಿಂದ ಸರಕಾರಿ ಶಾಲೆಗಳಿಗೆ ಇಂಥವರನ್ನೇ ತರಿಸಿತು. ಇ-2 ವೀಸಾಕ್ಕೆ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪಟ್ಟಿ. ಪದವಿ ಯಾವುದಾದರೂ ಆದೀತು. 2007 ಅಲ್ಲಿ ದೊಡ್ಡ ತಿರುವಿನ ವರ್ಷ. ಡೊಂಗುಕ್ ವಿಶ್ವವಿದ್ಯಾಲಯದ ಕಲಾ ಇತಿಹಾಸದ ಪ್ರಾಧ್ಯಾಪಕಿಯೊಬ್ಬರ ಯೇಲ್ ಪಿಎಚ್.ಡಿ. ಸುಳ್ಳೆಂದು ಬಯಲಾಗಿ ದೇಶಕ್ಕೆ ದೇಶವೇ ಸರ್ಟಿಫಿಕೇಟುಗಳನ್ನು ಅನುಮಾನದಿಂದ ನೋಡತೊಡಗಿತು. ಅದೇ ವರ್ಷ, ಹಿಂದೆ ಕೊರಿಯಾದಲ್ಲಿ ಪಾಠ ಮಾಡಿದ್ದ ಕೆನಡಾದವನೊಬ್ಬ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಥಾಯ್ಲೆಂಡಿನಲ್ಲಿ ಸಿಕ್ಕಿಬಿದ್ದ. ಬೆನ್ನಿಗೇ ವೀಸಾಕ್ಕೆ ಪೊಲೀಸ್ ದಾಖಲೆ, ಮಾದಕದ್ರವ್ಯ ಪರೀಕ್ಷೆ, ಎಚ್‌ಐವಿ ಪರೀಕ್ಷೆಗಳು ಸೇರಿಕೊಂಡವು. ಎಚ್‌ಐವಿ ಪರೀಕ್ಷೆಗೆ ಒಪ್ಪದ ನ್ಯೂಜಿಲೆಂಡಿನ ಶಿಕ್ಷಕಿಯೊಬ್ಬರ ದೂರನ್ನು ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನ ಸಮಿತಿ ಎತ್ತಿಹಿಡಿದು 2015ರಲ್ಲಿ ಇದು ತಾರತಮ್ಯವೆಂದಿತು. 2017ರಲ್ಲಿ ಆ ನಿಯಮ ಹೋಯಿತು. ಓದು ಬೇರೆ, ನಡತೆ ಬೇರೆ, ಆರೋಗ್ಯ ಬೇರೆ. ಭಯ ಬಿದ್ದ ಸಮಾಜ ಮೂರನ್ನೂ ಒಂದೇ ಕಡತದಲ್ಲಿ ಕಟ್ಟಿಹಾಕಿದ್ದನ್ನು ಇಲ್ಲಿ ಕಾಣುತ್ತೇವೆ.

ಚೀನಾ 2017ರ ಏಪ್ರಿಲಿನಿಂದ ದೇಶಕ್ಕೆಲ್ಲ ಒಂದೇ ಕೆಲಸದ ಪರವಾನಗಿ ಪದ್ಧತಿ ತಂದು ಹೊರಗಿನವರನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಭಾಷಾ ಶಿಕ್ಷಕರಿಗೆ ಪದವಿ, ಎರಡು ವರ್ಷದ ಅನುಭವ, ಜೊತೆಗೆ ಕಲಿಸುವ ಭಾಷೆ ತಾಯ್ನುಡಿಯಾಗಿರಬೇಕು. ಶಿಕ್ಷಣದಲ್ಲಿ ಪದವಿಯೋ ಬೋಧನೆಯ ಸರ್ಟಿಫಿಕೇಟೋ ಇದ್ದರೆ ಅನುಭವಕ್ಕೆ ವಿನಾಯಿತಿ. ತೈವಾನಿನಲ್ಲಿ ಪೂರ್ಣ ಪದವಿ ಇಲ್ಲದವರಿಗೂ ಒಂದು ಕಿಂಡಿ ಇದೆ: ಎರಡು ವರ್ಷದ ಕಾಲೇಜು ಡಿಪ್ಲೊಮಾ ಇದ್ದು ಬೋಧನೆಯ ಸರ್ಟಿಫಿಕೇಟು ಸೇರಿಸಿದರೆ ಟ್ಯೂಷನ್ ಸೆಂಟರಿಗೆ ಸಾಕು. ಥಾಯ್ಲೆಂಡಿನಲ್ಲಿ 2003ರ ಕಾಯ್ದೆಯಡಿ ಬಂದ ಶಿಕ್ಷಕರ ಮಂಡಳಿ, ಸ್ಥಳೀಯರಂತೆಯೇ ಹೊರಗಿನವರಿಗೂ ಲೈಸೆನ್ಸ್ ಕೇಳುತ್ತದೆ. ಇಲ್ಲದವರಿಗೆ ಎರಡು ವರ್ಷದ ತಾತ್ಕಾಲಿಕ ಅನುಮತಿ ಕೊಟ್ಟು ಕೆಲಸ ಸಾಗಿಸುತ್ತದೆ. ಕಾಂಬೋಡಿಯಾದಲ್ಲಿ ಬಹುಕಾಲ ಡಿಗ್ರಿ ಇಲ್ಲದವರಿಗೂ ಕೆಲಸ ಸಿಗುತ್ತಿತ್ತು. ಹಾಗಾಗಿ ಬೇರೆಲ್ಲೂ ನಡೆಯದವರು ಅಲ್ಲಿಗೆ ಹೋಗುವುದು ವಾಡಿಕೆಯಾಯಿತು. ಜಪಾನಿನ ಕಾನೂನಿನಲ್ಲೂ ಒಂದು ವಿಚಿತ್ರವಿದೆ. ಭಾಷೆ ಕಲಿಸುವ ಕೆಲಸಕ್ಕೆ ಪದವಿ ಇಲ್ಲದವರು ಮೂರು ವರ್ಷದ ಅನುಭವ ತೋರಿಸಬೇಕು. ಪದವಿ ಇದ್ದರೆ ಅನುಭವ ಬೇಡ. ಇತ್ತ ವರ್ಕಿಂಗ್ ಹಾಲಿಡೇ ವೀಸಾದಲ್ಲಿ ಬಂದ ಆಸ್ಟ್ರೇಲಿಯಾದ ಹುಡುಗನಿಗೆ ಎರಡೂ ಬೇಡ.

ಬೇಕೇ ಬೇಕು ಎನ್ನುವವರು

ಪದವಿಯ ಪರ ಇರುವವರ ಗಟ್ಟಿ ವಾದ ಸ್ಥಳೀಯ ಶಿಕ್ಷಕರ ಮುಖ ನೋಡಿ ಹುಟ್ಟಿದ್ದು. ಕೊರಿಯಾದಲ್ಲಿ ಸರಕಾರಿ ಶಾಲೆಯ ಮೇಷ್ಟ್ರಾಗಬೇಕೆಂದರೆ ಶಿಕ್ಷಣದ ಪದವಿಯ ಮೇಲೆ ಕಠಿಣವಾದ ನೇಮಕಾತಿ ಪರೀಕ್ಷೆ ಪಾಸಾಗಬೇಕು. ಅದಕ್ಕೆ ವರ್ಷಾನುಗಟ್ಟಲೆ ಓದುವವರಿದ್ದಾರೆ. ಅಂಥವರ ಪಕ್ಕದಲ್ಲಿ ಹೊರಗಿನವನೊಬ್ಬ ಬರಿಯ ಉಚ್ಚಾರಣೆಯ ಬಲದಿಂದ ನಿಂತರೆ ಅವರಿಗೆ ಅವಮಾನ. ಕನಿಷ್ಠ ಒಂದು ಪದವಿಯಾದರೂ ಇರಲಿ ಎಂಬುದು ಸಹಜ ಮರ್ಯಾದೆಯ ಪ್ರಶ್ನೆ. ಓದು ಮನುಷ್ಯನಲ್ಲಿ ಕೂಡಿಟ್ಟ ಬಂಡವಾಳ, ಅದು ಕೆಲಸದಲ್ಲಿ ಫಲ ಕೊಡುತ್ತದೆ ಎಂದು 1964ರಲ್ಲಿ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಬಿಡಿಸಿ ಹೇಳಿದ ಸಿದ್ಧಾಂತವೂ ಇವರ ಬೆನ್ನಿಗಿದೆ.

ಈ ವಾದದ ಒಪ್ಪತಕ್ಕ ಭಾಗ ಇಷ್ಟು: ಮಕ್ಕಳ ಮುಂದೆ ನಿಲ್ಲುವವರಿಗೆ ಭಾಷೆಯ ಆಚೆಗೂ ಏನಾದರೂ ಗೊತ್ತಿರಬೇಕು. ಎಡವುವ ಭಾಗವೂ ಇದೆ. ಸಮಾನತೆಯೇ ಮುಖ್ಯವಾದರೆ ರಸಾಯನಶಾಸ್ತ್ರದ ಪದವಿ ಹೇಗೆ ಸಾಕಾಗುತ್ತದೆ? ಸ್ಥಳೀಯರಿಗೆ ಇಟ್ಟ ಅಳತೆಗೋಲನ್ನೇ ಹೊರಗಿನವರಿಗೂ ಹಿಡಿಯಬೇಕು. 1998ರಿಂದ ಸರಕಾರಿ ಅನುದಾನದ ಶಾಲೆಗಳಿಗೆ ಹೊರಗಿನ ಇಂಗ್ಲಿಷ್ ಶಿಕ್ಷಕರನ್ನು ತರುತ್ತಿರುವ ಹಾಂಗ್‌ಕಾಂಗ್ ಹೆಚ್ಚುಕಡಿಮೆ ಹಾಗೇ ಮಾಡುತ್ತದೆ. ಅಲ್ಲಿ ಪದವಿ, ಬೋಧನೆಯ ತರಬೇತಿ ಎರಡಕ್ಕೂ ತೂಕ, ಸಂಬಳವೂ ಅದಕ್ಕೆ ತಕ್ಕಂತೆ. ಬೆಕರ್‌ನನ್ನು ಗಂಭೀರವಾಗಿ ತೆಗೆದುಕೊಂಡವರು ಹಾಂಗ್‌ಕಾಂಗಿನವರು. ಉಳಿದವರು ಅವನ ಹೆಸರಿನಲ್ಲಿ ಅಗ್ಗದ ದಾರಿ ಹಿಡಿದಿದ್ದಾರೆ.

ಡಿಗ್ರಿ ಬರಿಯ ಗುರುತು ಎನ್ನುವವರು

ಅದು ಏಕೆ ಅಗ್ಗ ಎಂಬುದಕ್ಕೆ ವಿವರಣೆ ಕೊಟ್ಟವನು ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್. 1973ರ ಅವನ ಪ್ರಬಂಧದ ತಿರುಳನ್ನು ಈ ಸಂದರ್ಭಕ್ಕೆ ಹೀಗೆ ಹೇಳಬಹುದು: ಪದವಿ ಕಲಿಸುವ ಕಲೆಯನ್ನು ತಂದುಕೊಡದೆ ಇರಬಹುದು, ಆದರೂ ಮೂರು ನಾಲ್ಕು ವರ್ಷ ಒಂದು ಕಡೆ ಕೂತು ಮುಗಿಸಿದವನು ಎಂಬ ಗುರುತು ಅದರಲ್ಲಿದೆ. ಅಭ್ಯರ್ಥಿಯನ್ನು ಕಣ್ಣಾರೆ ನೋಡಲಾಗದ ಕಚೇರಿಗೆ ಈ ಗುರುತು ಬಹಳ ಉಪಯೋಗ. ವಲಸೆ ಅಧಿಕಾರಿಯ ಮೇಜಿನ ಮುಂದೆ ಸಾವಿರಾರು ಅರ್ಜಿ. ಯಾರು ಚೆನ್ನಾಗಿ ಪಾಠ ಮಾಡುತ್ತಾರೆಂದು ಅವನು ಹೇಗೆ ತಿಳಿಯಬೇಕು? ಪದವಿ ಇದೆಯೆ, ಇಲ್ಲವೆ ಎಂದು ನೋಡಲು ಅರ್ಧ ನಿಮಿಷ ಸಾಕು. ಜೊತೆಗೆ, ಕೆಲಸ ಹುಡುಕುತ್ತ ದೇಶದಿಂದ ದೇಶಕ್ಕೆ ಅಲೆಯುವ ಬೆನ್ನುಚೀಲದ ಪ್ರವಾಸಿಗಳನ್ನು ಅದು ದೂರ ಇಡುತ್ತದೆ.

ಇದೇ ಗುರುತು ರೋಗವಾಗುವುದನ್ನು ಸಮಾಜಶಾಸ್ತ್ರಜ್ಞ ರೊನಾಲ್ಡ್ ಡೋರ್ 1976ರಲ್ಲೇ ಬರೆದಿಟ್ಟ. ತಡವಾಗಿ ಕೈಗಾರಿಕೆಗೆ ಇಳಿದ ದೇಶಗಳು ಸರ್ಟಿಫಿಕೇಟನ್ನೇ ಎಲ್ಲ ಬಾಗಿಲಿಗೂ ಕೀಲಿಕೈ ಮಾಡಿಕೊಂಡು, ಕಲಿಕೆಯೇ ಮರೆತುಹೋಗುತ್ತದೆ ಎಂಬುದು ಅವನ ತಕರಾರು. ಅವನು ಉದಾಹರಣೆಗೆ ಹಿಡಿದ ದೇಶಗಳಲ್ಲಿ ಜಪಾನೂ ಒಂದು. ಪೋಸ್ಟ್‌ಮನ್ ಕೆಲಸಕ್ಕೂ ಡಿಗ್ರಿಯವರು ಸಾಲು ನಿಲ್ಲುವ ನಮ್ಮಲ್ಲಿ ಅವನ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೀಸಾದ ಡಿಗ್ರಿ ನಿಯಮವನ್ನು ವಿವರಿಸುವುದರಲ್ಲಿ ಉಳಿದೆಲ್ಲ ವಾದಗಳಿಗಿಂತ ಗುರುತಿನ ಈ ವಾದವೇ ಹತ್ತಿರ ಎಂದು ನನಗೆ ಕಾಣುತ್ತದೆ. ಆದರೆ ವಿವರಣೆ ಸಮರ್ಥನೆಯಾಗುವುದಿಲ್ಲ. ಅಧಿಕಾರಿಗೆ ಸುಲಭವಾದದ್ದು ಮಗುವಿಗೆ ಒಳ್ಳೆಯದೆಂದು ಸ್ಪೆನ್ಸ್ ಎಲ್ಲೂ ಹೇಳಲಿಲ್ಲ.

ಕೈ ಪಳಗಲಿ ಎನ್ನುವವರು

ಮೂರನೆಯ ಗುಂಪಿನವರು ಸೆಲ್ಟಾದಂಥ ತರಬೇತಿಯನ್ನು ಮುಂದಿಡುತ್ತಾರೆ. ಅದು ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡುವುದು ಒಳ್ಳೆಯದು. ಕನಿಷ್ಠ 120 ಗಂಟೆಯ ಪಾಠ. ಅದರಲ್ಲಿ ಆರು ಗಂಟೆ ತರಬೇತಿಯಲ್ಲಿರುವವರು ತಾವೇ ತರಗತಿ ನಡೆಸಬೇಕು. ಎದುರಿಗಿರುವವರು ನಿಜವಾಗಿ ಇಂಗ್ಲಿಷ್ ಕಲಿಯಲು ಬಂದ ಊರಿನ ಜನ. ಹಿಂದಿನ ಸಾಲಿನಲ್ಲಿ ತರಬೇತುದಾರರು ಹಾಳೆ ಹಿಡಿದು ಬರೆದುಕೊಳ್ಳುತ್ತಿರುತ್ತಾರೆ, ಪಕ್ಕದಲ್ಲಿ ಜೊತೆಯ ಅಭ್ಯರ್ಥಿಗಳು. ಪಾಠ ಮುಗಿದ ಮೇಲೆ ಒಬ್ಬೊಬ್ಬರನ್ನೂ ಕೂರಿಸಿ ಬಿಚ್ಚುತ್ತಾರೆ: ಬೋರ್ಡಿಗೆ ಬೆನ್ನು ಕೊಟ್ಟಿರೋ ವಿದ್ಯಾರ್ಥಿಗೆ ಕೊಟ್ಟಿರೋ? ನೀವು ಎಷ್ಟು ಮಾತಾಡಿದಿರಿ, ಅವರಿಗೆಷ್ಟು ಬಿಟ್ಟಿರಿ?

ಅಲ್ಲಿ ಮೊದಲು ಬಿಡಿಸುವ ಚಟ 'ಅರ್ಥವಾಯಿತಾ?' ಎಂದು ಕೇಳುವುದು. ಅರ್ಥವಾಗದವನೂ ಹೂಂ ಎನ್ನುತ್ತಾನಲ್ಲ. 'ಹಿ ಯೂಸ್ಡ್ ಟು ಸ್ಮೋಕ್' ಎಂಬ ವಾಕ್ಯ ಕಲಿಸಿದ ಮೇಲೆ ಮೇಷ್ಟ್ರು ಹೀಗೆ ಕೇಳಬೇಕು: ಅವನು ಈಗ ಸೇದುತ್ತಾನಾ? ಮೊದಲು ಸೇದುತ್ತಿದ್ದನಾ? ಒಂದೇ ಸಲ ಸೇದಿ ಬಿಟ್ಟನಾ, ಬಹಳ ದಿನ ಸೇದಿದನಾ? ಉತ್ತರ ತಪ್ಪಿದವನ ಬಾಯಿಂದಲೇ ಅವನಿಗೆ ಎಲ್ಲಿ ತಿಳಿದಿಲ್ಲ ಎಂಬುದು ಹೊರಬೀಳುತ್ತದೆ. ಇಂಥ ಪ್ರಶ್ನೆಯೊಂದನ್ನು ಕಟ್ಟುವುದನ್ನು ಯಾವ ವಿಶ್ವವಿದ್ಯಾಲಯದ ಷೇಕ್ಸ್‌ಪಿಯರ್ ಪತ್ರಿಕೆಯೂ ಕಲಿಸುವುದಿಲ್ಲ. ಈ ಗುಂಪಿನ ಬಲ ಇಲ್ಲಿದೆ.

ದೌರ್ಬಲ್ಯವೂ ಕಣ್ಣಿಗೆ ಹೊಡೆಯುತ್ತದೆ. ಪೂರ್ಣಾವಧಿಯಾದರೆ ಸುಮಾರು ನಾಲ್ಕು ವಾರದಲ್ಲಿ ಮುಗಿಯುವ ಈ ಕೋರ್ಸನ್ನು, 2015ರಿಂದ ನಮ್ಮಲ್ಲಿ ಎರಡು ವರ್ಷಕ್ಕೆ ಏರಿದ ಬಿ.ಇಡಿ.ಯ ಪಕ್ಕದಲ್ಲಿಟ್ಟು ನೋಡಿ. ಆರು ಗಂಟೆ ಪಾಠದಲ್ಲಿ ಒಬ್ಬ ಮೇಷ್ಟ್ರು ಎಷ್ಟು ಪಳಗಿಯಾನು? ಅದಲ್ಲದೆ ಸೆಲ್ಟಾ ವಿನ್ಯಾಸವಾದದ್ದು ದೊಡ್ಡವರಿಗೆ ಕಲಿಸಲು. ಎಂಟು ವರ್ಷದ ಮಕ್ಕಳ ತರಗತಿ ಬೇರೆಯೇ ಲೋಕ. ಇನ್ನು 'ಟೆಫಲ್ 120 ಗಂಟೆ' ಎಂದು ಆನ್‌ಲೈನಿನಲ್ಲಿ ಮಾರುವ ಸರ್ಟಿಫಿಕೇಟುಗಳಲ್ಲಿ ಹಲವಕ್ಕೆ ಒಬ್ಬ ವಿದ್ಯಾರ್ಥಿಯ ಮುಖ ನೋಡುವ ಅಗತ್ಯವೂ ಇಲ್ಲ. 120 ಎಂಬ ಅಂಕಿಯನ್ನು ಸೆಲ್ಟಾದಿಂದ ಎತ್ತಿಕೊಂಡರು, ಆರು ಗಂಟೆಯ ಪಾಠವನ್ನು ಅಲ್ಲೇ ಬಿಟ್ಟರು. ವೀಸಾ ಕಚೇರಿಗಳು ಇಂಥದ್ದನ್ನೂ ಒಪ್ಪಿಕೊಂಡದ್ದರಿಂದ ಕೈ ಪಳಗಲಿ ಎಂಬ ವಾದವೇ ಇನ್ನೊಂದು ಕಾಗದವಾಗಿ ಹೋಯಿತು.

ಪ್ರಶ್ನೆಯೇ ತಪ್ಪು ಎನ್ನುವವರು

ಈಗ ಮೈಸೂರಿನ ಮೇಡಂ ಕಡೆ ಬರೋಣ. 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಬೋಧನೆಯ ಸಮ್ಮೇಳನ ನಡೆಯಿತು. ಅಲ್ಲಿ ಗಟ್ಟಿಯಾದ ನಂಬಿಕೆಗಳನ್ನು ಭಾಷಾತಜ್ಞ ರಾಬರ್ಟ್ ಫಿಲಿಪ್‌ಸನ್ 1992ರ 'ಲಿಂಗ್ವಿಸ್ಟಿಕ್ ಇಂಪೀರಿಯಲಿಸಂ' ಪುಸ್ತಕದಲ್ಲಿ ಒಂದೊಂದಾಗಿ ಪ್ರಶ್ನೆ ಮಾಡಿದರು. ಆದರ್ಶ ಶಿಕ್ಷಕ ಎಂದರೆ ಇಂಗ್ಲಿಷ್ ತಾಯ್ನುಡಿಯಾದವನು ಎಂಬುದು ಅವುಗಳಲ್ಲೊಂದು. ಹಂಗೆರಿಯ ಪೀಟರ್ ಮೆಡ್ಯೆಶ್ 1994ರ ಪುಸ್ತಕದಲ್ಲಿ ಕಲಿತು ಕಲಿಸುವವರ ಅನುಕೂಲಗಳನ್ನು ಎತ್ತಿ ತೋರಿಸಿದರು. ಏಡ್ರಿಯನ್ ಹಾಲಿಡೇ ತಾಯ್ನುಡಿಯವರೇ ಮೇಲು ಎಂಬ ಮನೋಭಾವವನ್ನೇ ಒಂದು ಸಿದ್ಧಾಂತದ ರೋಗವೆಂದು ಗುರುತಿಸಿದರು. ಕಾಶ್ಮೀರದಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ಬ್ರಜ್ ಕಾಚ್ರು, ಭಾರತದಂಥ ದೇಶಗಳ ಇಂಗ್ಲಿಷ್ ಎರವಲಿನದ್ದಲ್ಲ, ಸ್ವಂತದ್ದೇ ಎಂದು 1980ರ ದಶಕದಲ್ಲೇ ವಾದಿಸಿದ್ದರು.

ಸಣ್ಣ ಉದಾಹರಣೆ ಸಾಕು. ಕನ್ನಡದಲ್ಲಿ, ಕೊರಿಯನ್ನಿನಲ್ಲಿ, ಜಪಾನಿಯಲ್ಲಿ ಮೂರರಲ್ಲೂ ಇಂಗ್ಲಿಷಿನ ಆರ್ಟಿಕಲ್‌ಗಳಿಗೆ ಸಮನಾದದ್ದಿಲ್ಲ. ಎಲ್ಲಿ 'ದಿ' ಬರಬೇಕು, ಎಲ್ಲಿ ಬರಬಾರದು ಎಂದು ಓಹಾಯೊದ ಹುಡುಗನನ್ನು ಕೇಳಿದರೆ, ಸರಿ ಯಾವುದು ಎಂದು ಥಟ್ಟನೆ ಹೇಳುತ್ತಾನೆ. ಏಕೆ ಎಂದರೆ ತಲೆ ಕೆರೆದುಕೊಳ್ಳುತ್ತಾನೆ. ಅವನು ಅದನ್ನು ಕಲಿತದ್ದೇ ಇಲ್ಲ. ಮೈಸೂರಿನ ಮೇಡಂ ಅದರಲ್ಲಿ ಎಡವಿ, ಬೈಸಿಕೊಂಡು, ನಿಯಮ ಕಟ್ಟಿಕೊಂಡು ಕಲಿತವರು. ಕೊರಿಯಾದ ಮಗು ಎಲ್ಲಿ ಎಡವುತ್ತದೆಂಬುದು ಅವರಿಗೆ ಮೊದಲೇ ಗೊತ್ತು.

ಭಾರತೀಯರು ಹೊರದೇಶದಲ್ಲಿ ಇಂಗ್ಲಿಷ್ ಕಲಿಸಿದ್ದು ಹೊಸದೇನಲ್ಲ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದ ಇಥಿಯೋಪಿಯಾದ ಶಾಲೆಗಳಲ್ಲಿ ಭಾರತದ ಮೇಷ್ಟ್ರುಗಳು ದೊಡ್ಡ ಸಂಖ್ಯೆಯಲ್ಲಿದ್ದರು. ಭೂತಾನ್, ಮಾಲ್ಡೀವ್ಸ್‌ಗಳಿಗೂ ಹೋದರು. ಅಲ್ಲೆಲ್ಲ ಇವರನ್ನು ಕರೆಸಿಕೊಂಡದ್ದು ಡಿಗ್ರಿ ಮತ್ತು ತರಬೇತಿ ನೋಡಿ. ಉಚ್ಚಾರಣೆಗೆ ಯಾರೂ ಮಾರುಹೋಗಿರಲಿಲ್ಲ. ಕೊರಿಯಾ ಕೂಡ 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತದ ಜೊತೆಗಿನ ವಾಣಿಜ್ಯ ಒಪ್ಪಂದದಲ್ಲಿ ಒಂದು ಕಿಟಕಿ ತೆರೆಯಿತು: ಪದವಿಯ ಜೊತೆ ಇಂಗ್ಲಿಷ್ ಬೋಧನೆಯ ಅರ್ಹತೆಯೂ ಇರುವ ಭಾರತೀಯರು ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಬಹುದು. ಓಹಾಯೊದವನಿಂದ ಕೇಳದ ತರಬೇತಿಯನ್ನು ಮೈಸೂರಿನವರಿಂದ ಕೇಳಿದರು.

ನಾನು ಪದವಿಯ ನಿಯಮವನ್ನು ಪೂರ್ತಿ ಕಿತ್ತುಹಾಕಿ ಎನ್ನದಿರುವುದು ಇಂಥವರನ್ನು ನೆನೆದೇ. ನಿಯಮ ಹೋದರೆ ಲಾಭ ಅನುಭವಿಗಳಿಗೆ ಎಂದು ಕೆಲವರು ನಂಬುತ್ತಾರೆ. ಆದರೆ ಡಿಗ್ರಿಯನ್ನು ತೆಗೆದ ಮೇಲೆ ಶಾಲೆಯ ಮಾಲೀಕ ಯಾವುದನ್ನು ನೋಡಿ ಆರಿಸುತ್ತಾನೆ? ಪಾಸ್‌ಪೋರ್ಟ್, ಮೈಬಣ್ಣ, ರಾಗ. ಥಾಯ್ಲೆಂಡಿನಲ್ಲಿ ಪದವಿ, ತರಬೇತಿ ಎರಡೂ ಇರುವ ಫಿಲಿಪೀನ್ಸಿನ ಶಿಕ್ಷಕರು ಅದೇ ಕೆಲಸಕ್ಕೆ ಬಿಳಿಯರಿಗಿಂತ ಕಡಿಮೆ ಸಂಬಳಕ್ಕೆ ದುಡಿಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಬಲಹೀನ ಪಾಸ್‌ಪೋರ್ಟಿನವರ ಕೈಯಲ್ಲಿ ಉಳಿದಿರುವ ಒಂದೇ ಅಸ್ತ್ರ ಓದು. ಅದಕ್ಕೂ ಬೆಲೆಯಿಲ್ಲವೆಂದರೆ ಅವರು ಬಾಗಿಲಿಗೆ ಬರುವುದೇ ಬೇಡವೆಂದ ಹಾಗೆ. ಡಿಗ್ರಿ ಕಡ್ಡಾಯ ಬೇಡವೆಂಬ ಚಳವಳಿ ಹೆಚ್ಚಾಗಿ ಬಲವಾದ ಪಾಸ್‌ಪೋರ್ಟ್ ಇರುವವರದೇ ಎಂಬುದನ್ನೂ ಗಮನಿಸಬೇಕು.

ಕಾಗದದ ಬೆಲೆ

ಹಾಗೆಂದು ಕಾಗದವೂ ಎಲ್ಲರಿಗೂ ಒಂದೇ ಬೆಲೆಯದಲ್ಲ. ನಮ್ಮಲ್ಲಿ ಹೊರಡುವವರ ಫೈಲು ನೋಡಿದವರಿಗೆ ಗೊತ್ತು: ಅಂಕಪಟ್ಟಿ ಸಾಲದು, ಪ್ರೊವಿಷನಲ್ ಸಾಲದು, ಘಟಿಕೋತ್ಸವದ ಪ್ರಮಾಣಪತ್ರವೇ ಬೇಕು. ಅದಕ್ಕೆ ರಾಜ್ಯದ ಕಚೇರಿಯ ಮೊಹರು, ಆಮೇಲೆ ವಿದೇಶಾಂಗ ಇಲಾಖೆಯ ಅಪೋಸ್ಟಿಲ್, ಅಂದರೆ ಹೊರದೇಶದಲ್ಲೂ ಒಪ್ಪುವ ದೃಢೀಕರಣದ ಚೀಟಿ. ಭಾರತ ಅಪೋಸ್ಟಿಲ್ ಒಪ್ಪಂದಕ್ಕೆ 2005ರಲ್ಲಿ ಸೇರಿತು, ಚೀನಾದಲ್ಲಿ ಅದು ಜಾರಿಯಾದದ್ದು 2023ರ ನವೆಂಬರಿನಲ್ಲಿ. ಆಗಲೂ ಭಾರತ, ಚೀನಾ ನಡುವೆ ಅದು ಅನ್ವಯವಾಗಲಿಲ್ಲ, ಚೀನಾಕ್ಕೆ ಹೊರಟ ನಮ್ಮವರು ರಾಯಭಾರ ಕಚೇರಿಯ ಬಾಗಿಲನ್ನೂ ತಟ್ಟಬೇಕಾಯಿತು.

ಕರ್ನಾಟಕದವರಿಗೆ ಇದರ ಕಹಿ ಇನ್ನೊಂದು ಬಗೆಯಲ್ಲೂ ತಿಳಿದಿದೆ. ಯುಜಿಸಿ 2015ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು 2012-13ರಿಂದಲೇ ಅನ್ವಯವಾಗುವಂತೆ ಹಿಂತೆಗೆದುಕೊಂಡಿತು, 2018-19ರಿಂದ ಮತ್ತೆ ಕೊಟ್ಟಿತು. ನಡುವೆ ಸೇರಿ ಓದಿದವರ ಜ್ಞಾನ ಒಂದು ಅಕ್ಷರವೂ ಕಡಿಮೆಯಾಗಲಿಲ್ಲ, ಅವರ ಕೈಯ ಪದವಿ ಮಾತ್ರ ಅತಂತ್ರವಾಯಿತು. ಪದವಿ ಕಡ್ಡಾಯ ಎನ್ನುವವರು ಯಾವ ಪದವಿ, ಯಾರು ಒಪ್ಪಿದ್ದು ಎಂಬ ಪ್ರಶ್ನೆಯನ್ನು ಹಾರಿಸಿಬಿಡುತ್ತಾರೆ.

ಪುರಾವೆ ಏನು ಹೇಳುತ್ತದೆ

ಅಮೆರಿಕದ ಶಾಲೆಗಳ ಬಗ್ಗೆ ಅರ್ಥಶಾಸ್ತ್ರಜ್ಞ ಎರಿಕ್ ಹನುಶೆಕ್ ದಶಕಗಳ ಕಾಲ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ್ದಾರೆ. ಶಿಕ್ಷಕರ ಹೆಚ್ಚಿನ ಪದವಿಗೂ ಮಕ್ಕಳ ಕಲಿಕೆಗೂ ನಂಬುವಂಥ ನಂಟು ಸಿಗಲಿಲ್ಲ. ಆದರೆ ಒಬ್ಬ ಶಿಕ್ಷಕನಿಗೂ ಇನ್ನೊಬ್ಬನಿಗೂ ಇರುವ ವ್ಯತ್ಯಾಸ ಮಾತ್ರ ದೊಡ್ಡದು. ಮೇಷ್ಟ್ರು ಮುಖ್ಯ, ಆದರೆ ಅವರ ಗೋಡೆಯ ಮೇಲಿನ ಚೌಕಟ್ಟು ಅದನ್ನು ಮುಂಚೆಯೇ ಹೇಳುವುದಿಲ್ಲ. ಇದನ್ನು ಹೊರದೇಶದ ಇಂಗ್ಲಿಷ್ ತರಗತಿಗೆ ಹಾಗೇ ಎತ್ತಿ ಇಡಲಾಗದು. ಹನುಶೆಕ್ ಹೋಲಿಸಿದ್ದು ಪದವೀಧರರನ್ನೂ ಸ್ನಾತಕೋತ್ತರರನ್ನೂ. ನಮ್ಮ ಪ್ರಶ್ನೆ ಪದವಿ ಇದ್ದವರದು, ಇಲ್ಲದವರದು.

ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತದ ಇಂಗ್ಲಿಷ್ ಸಂಸ್ಥೆಯೊಂದಿದೆ, 1963ರದ್ದು. ದಕ್ಷಿಣದ ರಾಜ್ಯಗಳ ಸರಕಾರಿ ಶಾಲೆಯ ಮೇಷ್ಟ್ರುಗಳು ಅಲ್ಲಿಗೆ ತರಬೇತಿಗೆ ಬರುತ್ತಾರೆ. ಡಿಗ್ರಿ, ಬಿ.ಇಡಿ. ಮುಗಿಸಿ ಕೆಲಸದಲ್ಲಿರುವವರಿಗೂ ಇಂಗ್ಲಿಷ್ ಕಲಿಸುವುದನ್ನು ಮತ್ತೆ ಹೇಳಿಕೊಡಬೇಕು ಎಂದು ನಮ್ಮ ಸರಕಾರಗಳು 60 ವರ್ಷದ ಹಿಂದೆಯೇ ಒಪ್ಪಿಕೊಂಡಿವೆ. ಡಿಗ್ರಿ ಸಾಲದು ಎಂಬುದಕ್ಕೆ ನಮ್ಮ ಮನೆಯಲ್ಲೇ ಸಾಕ್ಷಿಯಿದೆ. ಬೇಡವೇ ಬೇಡ ಎಂಬುದಕ್ಕೆ ಸಾಕ್ಷಿ ಅಲ್ಲೂ ಇಲ್ಲ.

ಇತ್ಯರ್ಥವಾಗದೆ ಉಳಿದದ್ದು

ಮೊದಲ ತೊಡಕು ಅಳತೆಯದು. ಕಾನೂನೇ ಡಿಗ್ರಿ ಇಲ್ಲದವರನ್ನು ಹೊರಗಿಟ್ಟ ದೇಶದಲ್ಲಿ ಅವರನ್ನು ಯಾರ ಜೊತೆ ಹೋಲಿಸುವುದು? ಎರಡೂ ಬಗೆಯವರಿರುವ ಕಾಂಬೋಡಿಯಾದಂಥ ಕಡೆ ಡಿಗ್ರಿ ಇದ್ದವರು ಹೆಚ್ಚು ಸಂಬಳದ ಶಾಲೆಗೆ, ಅನುಕೂಲಸ್ಥರ ಮಕ್ಕಳ ಬಳಿಗೆ ಹೋಗಿಬಿಡುತ್ತಾರೆ. ಕಲಿಕೆ ಹೆಚ್ಚಿದ್ದು ಮೇಷ್ಟರಿಂದಲೋ ಮನೆಯಿಂದಲೋ ಎಂದು ಬೇರ್ಪಡಿಸುವುದು ಕಷ್ಟ.

ಕೆಲಸದ ಸ್ವರೂಪವೂ ತೀರ್ಮಾನವಾಗಿಲ್ಲ. ಜಪಾನಿ ಮೇಷ್ಟರ ಪಕ್ಕ ನಿಂತು ಓದಿ ತೋರಿಸುವ ಸಹಾಯಕನಿಗೂ, ಹಾಗ್ವಾನ್‌ನಲ್ಲಿ ಒಬ್ಬನೇ ಹತ್ತು ಮಕ್ಕಳ ಹೊಣೆ ಹೊರುವವನಿಗೂ ಒಂದೇ ನಿಯಮ ಏಕೆ? ಸಹಾಯಕನಿಗೆ ಡಿಗ್ರಿ ಬಿಟ್ಟರೂ ನಡೆದೀತು, ಹೊಣೆ ಹೊರುವವನಿಗೆ ಡಿಗ್ರಿಯ ಮೇಲೆ ಕಣ್ಣೆದುರಿನ ಪಾಠದ ಪರೀಕ್ಷೆಯೂ ಬೇಕು ಎಂಬ ಕಡೆಗೆ ನನ್ನ ಮನಸ್ಸು ವಾಲುತ್ತದೆ. ಆದರೆ ಆ ಪರೀಕ್ಷೆಯನ್ನು ಯಾರು ನಡೆಸಬೇಕು, ಖರ್ಚು ಯಾರದು ಎಂಬಲ್ಲಿ ಎಲ್ಲ ಸರಕಾರಗಳೂ ಮೌನ. ಏಳು ದೇಶಗಳ ಪಟ್ಟಿ ಕೊರಿಯಾದಲ್ಲಿ ಇನ್ನೂ ಎಷ್ಟು ಕಾಲ ನಡೆದೀತು? 2023ರಲ್ಲಿ ಅಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 0.72 ಮಗು. ಮಕ್ಕಳೇ ಕಡಿಮೆಯಾದಾಗ ಶಾಲೆಗಳು ಇನ್ನೂ ಸೋಸಿ ಆರಿಸುತ್ತವೋ, ಹೊರಗಿನ ಮೇಷ್ಟರನ್ನೇ ಬಿಟ್ಟುಬಿಡುತ್ತವೋ, ಎರಡಕ್ಕೂ ಅವಕಾಶವಿದೆ.

ಕೊನೆಯದು ಆನ್‌ಲೈನ್. ಬೀಜಿಂಗಿನ ವಿಐಪಿಕಿಡ್ ಪದವಿ ಕೇಳುತ್ತಿತ್ತು, ಅಮೆರಿಕದ ಕ್ಯಾಂಬ್ಲಿ ಕೇಳುವುದಿಲ್ಲ. ಚೀನಾ 2021ರ ಜುಲೈನಲ್ಲಿ ಹೊರದೇಶದಲ್ಲಿ ಕೂತವರು ತನ್ನ ಮಕ್ಕಳಿಗೆ ಪಾಠ ಹೇಳುವುದನ್ನೇ ನಿಲ್ಲಿಸಿ ಪ್ರಶ್ನೆಯನ್ನು ಬುಡಸಮೇತ ಕತ್ತರಿಸಿತು. ಬೇರೆ ದೇಶಗಳು ಹಾಗೆ ಮಾಡಿಲ್ಲ. ಶಿವಮೊಗ್ಗದಲ್ಲಿ ಕೂತು ಬ್ರೆಜಿಲಿನವನಿಗೆ ಅಮೆರಿಕದ ಆ್ಯಪಿನಲ್ಲಿ ಇಂಗ್ಲಿಷ್ ಹೇಳಿಕೊಡುವವಳಿಗೆ ವೀಸಾ ಬೇಕಿಲ್ಲ, ವೀಸಾ ಇಲ್ಲದಿದ್ದರೆ ಡಿಗ್ರಿ ಕೇಳುವ ಕಿಟಕಿಯೂ ಇಲ್ಲ. ಅವಳ ಅರ್ಹತೆಯನ್ನು ನೋಡಬೇಕಾದದ್ದು ಭಾರತವೋ, ಬ್ರೆಜಿಲೋ, ಆ್ಯಪಿನ ಕಂಪನಿಯೋ, ಇಲ್ಲಾ ಗಂಟೆಗೆ ದುಡ್ಡು ಕೊಟ್ಟು ಚುಕ್ಕಿ ಹಾಕುವ ವಿದ್ಯಾರ್ಥಿಯೋ ಎಂಬುದು ಯಾವ ಕಾನೂನಿನಲ್ಲೂ ಇನ್ನೂ ಬರೆದಾಗಿಲ್ಲ.